ಚದುರಂಗದಲ್ಲಿ ಹಿರಿಯರಾರು?

ಹಬ್ಬ ಹುಣ್ಣಿಮೆಗಳಲ್ಲಿ ನಮ್ಮ ಮನೆಯಲ್ಲಿ ನಾಲ್ಕು ಜನ ಸೇರಿದರೆ, ಊಟವಾದ ಮೇಲೆ ಎಲೆ ಅಡಿಕೆಯ ತಟ್ಟೆಯೊಡನೆ ಚದುರಂಗದ ಹಾಸೂ ಹೊರಗೆ ಬರುವುದು ವಾಡಿಕೆ. ಆಟ ಹೇಗೋ ಮುಗಿಯುತ್ತದೆ. ಅದರ ಬೆನ್ನಿಗೆ ಹುಟ್ಟುವ ವಾದ ಮಾತ್ರ ಮುಗಿಯುವುದಿಲ್ಲ. ಇದುವರೆಗೆ ಜಗತ್ತಿನಲ್ಲಿ ಆಗಿಹೋದ ಚದುರಂಗದ ಆಟಗಾರರಲ್ಲಿ ಎಲ್ಲರಿಗಿಂತ ಹಿರಿಯನು ಯಾರು ಎಂಬುದೇ ಆ ವಾದ.

ನಮ್ಮ ತಂದೆಯವರ ಓಟು ಅಮೆರಿಕದ ಬಾಬಿ ಫಿಷರನಿಗೆ. 1972ರಲ್ಲಿ ಐಸ್‌ಲೆಂಡಿನ ರೇಕ್ಯಾವಿಕ್ ನಗರದಲ್ಲಿ ಫಿಷರನೂ ರಷ್ಯದ ಸ್ಪಾಸ್ಕಿಯೂ ಎದುರುಬದುರಾದಾಗ, ಫಲಿತಾಂಶವನ್ನು ರೇಡಿಯೋ ವಾರ್ತೆಯಲ್ಲಿ ಕೇಳಿ, ನಡೆಗಳನ್ನು ಪತ್ರಿಕೆಯಲ್ಲಿ ಹುಡುಕಿ ಹಾಸಿನ ಮೇಲೆ ಆಡಿ ನೋಡಿದವರು ಅವರು. ನನ್ನ ಪಕ್ಷ ಕಾಸ್ಪರೋವ್ ಅವರದು. ನಾನು ಓದುವ ಹುಡುಗನಾಗಿದ್ದಾಗ ಅವರಿಗೂ ಕಾರ್ಪೋವ್ ಅವರಿಗೂ ಐದು ಸಲ ಜಗಜ್ಜಟ್ಟಿಗಳ ಕಾಳಗವೇ ನಡೆಯಿತು. ನನ್ನ ತಂಗಿಯ ಮಗ ನಾರ್ವೆಯ ಕಾರ್ಲ್‌ಸನ್ ಅವರ ಕಡೆ. ನಮ್ಮ ಮನೆಯಾಕೆ ಒಳಗಿನಿಂದಲೇ, “ಆನಂದ್ ಅವರನ್ನು ಬಿಟ್ಟು ಇದೆಂಥ ಲೆಕ್ಕ?” ಎಂದು ಕೇಳುವುದೂ ಉಂಟು.

ಕಳೆದ ಯುಗಾದಿಯಲ್ಲಿ ತಂಗಿಯ ಮಗ ಒಂದು ಮಾತು ಹೇಳಿದ. “ಮಾವ, ನೂರೈವತ್ತು ವರ್ಷದ ಹಿಂದಿನವರನ್ನು ಇವತ್ತು ತಂದು ಕೂರಿಸಿದರೆ ಈಗಿನ ಒಳ್ಳೆಯ ಹುಡುಗರು ಅವರನ್ನು ಸೋಲಿಸಿಬಿಡುತ್ತಾರೆ. ಸೋಲುವವರನ್ನು ದೊಡ್ಡವರು ಎನ್ನುವುದು ಹೇಗೆ?” ತಂದೆಯವರ ಮುಖ ಸಪ್ಪಗಾಯಿತು. ನನಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಹಿಂದಿನವರನ್ನು ತೂಗುವುದು ಹೇಗೆ ಎಂಬ ಈ ಪ್ರಶ್ನೆ ಕೇವಲ ಆಟದ ಪ್ರಶ್ನೆಯಲ್ಲ ಎಂದು ತೋರಿ, ಅಂದಿನಿಂದ ಇದನ್ನು ಸ್ವಲ್ಪ ವಿಚಾರಮಾಡಿದೆ. ಆ ವಿಚಾರವನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲನೆಯದಾಗಿ ಒಂದು ಅನುಕೂಲವನ್ನು ನೆನೆಯಬೇಕು. ಪಂಪ ಹೆಚ್ಚೋ ಕುಮಾರವ್ಯಾಸ ಹೆಚ್ಚೋ ಎಂದು ತರಗತಿಯಲ್ಲಿ ಹುಡುಗರು ಕೇಳಿದರೆ ನಾವು ಪಂಡಿತರು ನಕ್ಕು ಸುಮ್ಮನಾಗುತ್ತೇವೆ. ಅಲ್ಲಿ ಗೆಲವು ಸೋಲುಗಳಿಲ್ಲ. ಹಿಂದಿನ ಕಾಲದ ಕುಸ್ತಿಯ ಪೈಲ್ವಾನರನ್ನು ಹೋಲಿಸೋಣವೆಂದರೆ ಅವರ ಪಟ್ಟುಗಳನ್ನು ಕಂಡವರಿಲ್ಲ. ಚದುರಂಗ ಹಾಗಲ್ಲ. ಅಲ್ಲಿ ಗೆಲವು ಸೋಲುಗಳೂ ಉಂಟು, ಆಡಿದ ಪ್ರತಿಯೊಂದು ನಡೆಗೂ ಬರಹ ಉಂಟು. 1858ರಲ್ಲಿ ಪ್ಯಾರಿಸಿನಲ್ಲಿ ಆಡಿದ ಆಟವನ್ನು ಇಂದು ನಮ್ಮ ಜಗುಲಿಯಲ್ಲಿ ಒಂದು ನಡೆಯೂ ತಪ್ಪದಂತೆ ಮತ್ತೆ ನಡೆಸಬಹುದು. ಆದ್ದರಿಂದ ಇಲ್ಲಿ ಅಳೆಯುವುದು ಸಾಧ್ಯ. ಯಾವ ಕೋಲಿನಿಂದ ಅಳೆಯಬೇಕೆಂಬುದೇ ತೊಡಕು.

ಎಲ್ಲರ ಕೈಗೂ ಮೊದಲು ಸಿಕ್ಕುವ ಕೋಲು ಪಟ್ಟದ ಕಾಲಾವಧಿ. ಜಗತ್ತಿನ ಪಟ್ಟಕ್ಕಾಗಿ ವಿಧಿವತ್ತಾಗಿ ಮೊದಲ ಸರಣಿ ನಡೆದದ್ದು 1886ರಲ್ಲಿ. ಅದರಲ್ಲಿ ಸ್ಟೈನಿಟ್ಸ್ ಎಂಬವನು ಜುಕರ್ಟಾರ್ಟನನ್ನು ಗೆದ್ದ. 1894ರಲ್ಲಿ ಜರ್ಮನಿಯ ಎಮಾನುಯೆಲ್ ಲಾಸ್ಕರ್ ಅವನಿಂದ ಪಟ್ಟವನ್ನು ಕಿತ್ತುಕೊಂಡು 1921ರವರೆಗೆ, ಎಂದರೆ 27 ವರ್ಷ ಉಳಿಸಿಕೊಂಡ. ಅಷ್ಟು ದೀರ್ಘಕಾಲ ಆಳಿದವರು ಬೇರೆ ಯಾರೂ ಇಲ್ಲ. ಹಾಗಾದರೆ ಲಾಸ್ಕರನೇ ಎಲ್ಲರಿಗಿಂತ ಹಿರಿಯನೇ?

ಇಲ್ಲಿ ಸ್ವಲ್ಪ ತಾಳಬೇಕು. ಆ ಕಾಲದಲ್ಲಿ ಯಾರೊಡನೆ ಆಡಬೇಕು, ಯಾವಾಗ ಆಡಬೇಕು ಎಂಬುದು ಪಟ್ಟದವನ ಇಷ್ಟಕ್ಕೆ ಬಿಟ್ಟದ್ದು. 1910ರಿಂದ 1921ರವರೆಗೆ ಲಾಸ್ಕರನು ಪಟ್ಟಕ್ಕಾಗಿ ಒಂದು ಸರಣಿಯನ್ನೂ ಆಡಲಿಲ್ಲ. 1912ರಲ್ಲಿ ಒಂದೇ ವರ್ಷದಲ್ಲಿ ಐದು ದೊಡ್ಡ ಸ್ಪರ್ಧೆಗಳಲ್ಲಿ ಅಗ್ರಸ್ಥಾನ ಪಡೆದ ರೂಬಿನ್‌ಸ್ಟೈನ್ ಎಂಬವನೊಡನೆ 1914ರಲ್ಲಿ ಆಡುವ ಏರ್ಪಾಡಾಗಿತ್ತು; ಯುದ್ಧ ಬಂದು ಅದು ನಡೆಯದೇ ಹೋಯಿತು. ಮುಂದೆ ಪಟ್ಟವೇರಿದ ಕ್ಯೂಬಾದ ಕಾಪಬ್ಲಾಂಕ 1922ರಲ್ಲಿ ಒಂದು ನಿಯಮಾವಳಿ ಮಾಡಿದ. ಅದರ ಪ್ರಕಾರ ಸವಾಲು ಹಾಕುವವನು ಹತ್ತು ಸಾವಿರ ಡಾಲರುಗಳ ಪಣವನ್ನು ಕೂಡಿಸಿ ತರಬೇಕು. 1927ರಲ್ಲಿ ಆಲೆಖಿನ್ ಆ ಹಣ ಕೂಡಿಸಿಕೊಂಡು ಬಂದು, 34 ಆಟಗಳ ಹೋರಾಟದಲ್ಲಿ ಕಾಪಬ್ಲಾಂಕನನ್ನು ಸೋಲಿಸಿದ. ಆಮೇಲೆ ಸೋತವನಿಗೆ ಮತ್ತೊಂದು ಅವಕಾಶವನ್ನು ಕೊನೆಯವರೆಗೂ ಕೊಡಲಿಲ್ಲ. ಅಂತರರಾಷ್ಟ್ರೀಯ ಸಂಸ್ಥೆಯು ಪಟ್ಟದ ಸ್ಪರ್ಧೆಯನ್ನು ಕೈಗೆತ್ತಿಕೊಂಡು ಕ್ರಮಬದ್ಧಗೊಳಿಸಿದ್ದು 1948ರಲ್ಲಿ, ಬೋಟ್ವಿನ್ನಿಕನು ಪಟ್ಟವೇರಿದಾಗ. ಹೀಗಿರುವಾಗ 1948ಕ್ಕೆ ಹಿಂದಿನ ಪಟ್ಟದ ವರ್ಷಗಳನ್ನೂ ಮುಂದಿನ ವರ್ಷಗಳನ್ನೂ ಒಂದೇ ಸೇರಿನಲ್ಲಿ ಅಳೆದರೆ ನ್ಯಾಯವಾಗುವುದಿಲ್ಲ.

ಎರಡನೆಯ ಕೋಲು, ತನ್ನ ಕಾಲದ ಇತರರಿಗಿಂತ ಒಬ್ಬನು ಎಷ್ಟು ಮುಂದಿದ್ದ ಎಂಬುದು. ಅಮೆರಿಕದ ಪಾಲ್ ಮಾರ್ಫಿ 1858ರಲ್ಲಿ, ತನ್ನ 21ನೆಯ ವಯಸ್ಸಿನಲ್ಲಿ ಯೂರೋಪಿಗೆ ಬಂದು, ಆಗ ಬಹಳ ಹೆಸರುವಾಸಿಯಾಗಿದ್ದ ಆಂಡರ್ಸನ್ನನನ್ನು ಎದುರಿಸಿದ. ಹನ್ನೊಂದು ಆಟಗಳಲ್ಲಿ ಏಳನ್ನು ಗೆದ್ದು, ಎರಡನ್ನು ಸೋತು, ಎರಡನ್ನು ಸಮಮಾಡಿಕೊಂಡ. ಕಾಪಬ್ಲಾಂಕನು 1916ರಿಂದ 1924ರವರೆಗೆ, ಎಂಟು ವರ್ಷಗಳ ಕಾಲ, ಸ್ಪರ್ಧೆಯ ಒಂದು ಆಟವನ್ನೂ ಸೋಲಲಿಲ್ಲ. ಫಿಷರನು 1971ರಲ್ಲಿ ಪಟ್ಟದ ದಾರಿಯಲ್ಲಿ ತೈಮಾನೋವನನ್ನು ಆರಕ್ಕೆ ಸೊನ್ನೆ, ಆ ಬಳಿಕ ಡೆನ್ಮಾರ್ಕಿನ ಲಾರ್ಸನ್ನನನ್ನೂ ಆರಕ್ಕೆ ಸೊನ್ನೆ ಗೆದ್ದ. ಆ ಮಟ್ಟದಲ್ಲಿ ಒಂದು ಆಟ ಗೆಲ್ಲುವುದೇ ಕಷ್ಟವಾಗಿರುವಾಗ ಇದು ನಂಬಲಾಗದ ಮಾತು.

ಈ ಅಂತರವನ್ನು ಅಂಕೆಯಲ್ಲಿ ಹೇಳುವ ದಾರಿಯನ್ನು ಕಂಡುಹಿಡಿದವನು ಅಮೆರಿಕದಲ್ಲಿ ಭೌತವಿಜ್ಞಾನದ ಅಧ್ಯಾಪಕನಾಗಿದ್ದ ಆರ್ಪಾಡ್ ಎಲೋ. ಅವನ ಪದ್ಧತಿಯನ್ನು ಅಂತರರಾಷ್ಟ್ರೀಯ ಸಂಸ್ಥೆ 1970ರಲ್ಲಿ ಒಪ್ಪಿಕೊಂಡಿತು. ಅದರ ತಿರುಳು ಸರಳವಾದುದು. ಪ್ರತಿ ಆಟಗಾರನಿಗೂ ಒಂದು ರೇಟಿಂಗ್ ಅಂಕ ಇರುತ್ತದೆ. ಗೆದ್ದವನ ಅಂಕ ಏರುತ್ತದೆ, ಸೋತವನದು ಇಳಿಯುತ್ತದೆ; ತನಗಿಂತ ಬಲಶಾಲಿಯನ್ನು ಗೆದ್ದರೆ ಹೆಚ್ಚು ಏರುತ್ತದೆ, ದುರ್ಬಲನನ್ನು ಗೆದ್ದರೆ ಕೊಂಚವೇ ಏರುತ್ತದೆ. ಇಬ್ಬರ ಅಂಕ ಸಮವಾಗಿದ್ದರೆ ನೂರು ಆಟಗಳಲ್ಲಿ ಐವತ್ತೈವತ್ತು ಪಾಲು. ಒಬ್ಬನದು 200 ಅಂಕ ಹೆಚ್ಚಾಗಿದ್ದರೆ ಅವನಿಗೆ ಸುಮಾರು ಎಪ್ಪತ್ತಾರು ಪಾಲು, ಎದುರಾಳಿಗೆ ಇಪ್ಪತ್ತನಾಲ್ಕು ಎಂದು ನಿರೀಕ್ಷಿಸಬಹುದು.

1972ರಲ್ಲಿ ಫಿಷರನ ಅಂಕ 2785, ಎರಡನೆಯವನಾದ ಸ್ಪಾಸ್ಕಿಯದು 2660. ನಡುವೆ 125 ಅಂಕಗಳ ಕಂದರ! ಕಾರ್ಲ್‌ಸನ್ ಅವರು 2014ರಲ್ಲಿ 2882ನ್ನು ಮುಟ್ಟಿದರು. ಮನುಷ್ಯರು ಅಲ್ಲಿಯವರೆಗೆ ಏರಿದ ಅತ್ಯಂತ ಎತ್ತರ ಅದು. ಆದರೆ ಅವರ ಹಿಂದೆ ಎರಡನೆಯವರು ಎಪ್ಪತ್ತು ಅಂಕಗಳ ಒಳಗೇ ಇದ್ದರು. ತಂಗಿಯ ಮಗ 2882 ಎಂಬ ಅಂಕೆಯನ್ನು ಹಿಡಿದು ಕೂತರೆ, ತಂದೆಯವರು 125 ಎಂಬ ಅಂಕೆಯನ್ನು ಹಿಡಿದು ಕೂರಬಹುದು.

ಹುಡುಗರು ಇಲ್ಲಿ ಒಂದು ತಪ್ಪು ಮಾಡುತ್ತಾರೆ. ರೇಟಿಂಗ್ ಅಂಕವನ್ನು ಜ್ವರದ ಉಷ್ಣಮಾಪಕದಂತೆ ತಿಳಿದು, 2882 ಎಂಬುದು 2785ಕ್ಕಿಂತ 97 ಹೆಚ್ಚು, ಆದ್ದರಿಂದ ಇವರು ಅವನಿಗಿಂತ ಅಷ್ಟು ಹೆಚ್ಚು ಎಂದುಬಿಡುತ್ತಾರೆ. ಈ ಅಂಕ ಒಂದು ಕಾಲದಲ್ಲಿ ಪರಸ್ಪರ ಆಡಿದವರ ನಡುವಿನ ವ್ಯತ್ಯಾಸವನ್ನು ಮಾತ್ರ ಹೇಳುತ್ತದೆ. ಒಂದೇ ತರಗತಿಯ ಹುಡುಗರಿಗೆ ಒಂದೇ ಪ್ರಶ್ನಪತ್ರಿಕೆ ಕೊಟ್ಟು ಅಂಕ ಹಾಕಿದರೆ ಹೋಲಿಸಬಹುದು. ನಲವತ್ತು ವರ್ಷ ಹಿಂದಿನ ತರಗತಿಗೆ ಬೇರೆ ಪತ್ರಿಕೆ, ಬೇರೆ ಉಪಾಧ್ಯಾಯ. ಅಲ್ಲಿಯ ಎಂಬತ್ತನ್ನೂ ಇಲ್ಲಿಯ ತೊಂಬತ್ತನ್ನೂ ಪಕ್ಕಪಕ್ಕದಲ್ಲಿಟ್ಟು ತೀರ್ಪು ಹೇಳುವ ಉಪಾಧ್ಯಾಯನನ್ನು ನಾನಂತೂ ಒಪ್ಪಲಾರೆ.

ಅಂತರದ ಕೋಲಿನಲ್ಲಿ ಇನ್ನೊಂದು ಕೊರತೆಯೂ ಉಂಟು. ಎದುರಾಳಿ ಮಹಾ ಪ್ರಬಲನಾಗಿದ್ದರೆ ಅಂತರ ಕಿರಿದಾಗುತ್ತದೆ. 1984ರಿಂದ 1990ರವರೆಗೆ ಐದು ಪಟ್ಟದ ಸರಣಿಗಳಲ್ಲಿ ಕಾಸ್ಪರೋವ್, ಕಾರ್ಪೋವ್ ಇಬ್ಬರೂ ಒಟ್ಟು 144 ಆಟಗಳನ್ನು ಆಡಿದರು. ಕಾಸ್ಪರೋವ್ ಗೆದ್ದದ್ದು 21, ಕಾರ್ಪೋವ್ ಗೆದ್ದದ್ದು 19, ಉಳಿದ 104 ಸಮ. ಎರಡೇ ಆಟಗಳ ಅಂತರ! ಇದರಿಂದ ಕಾಸ್ಪರೋವ್ ಸಣ್ಣವರಾಗುವುದಿಲ್ಲ. ಕಾರ್ಪೋವ್ ಎಂಥವರು ಎಂಬುದು ತಿಳಿಯುತ್ತದೆ. ಕರ್ಣನಿದ್ದುದರಿಂದಲ್ಲವೆ ಅರ್ಜುನನ ಬಿಲ್ಲಿಗೆ ಬೆಲೆ ಬಂದದ್ದು?

ಮೂರನೆಯ ಕೋಲು ನಮ್ಮ ಕಾಲದಲ್ಲಿ ಬಂದದ್ದು: ಗಣಕಯಂತ್ರ. 1997ರಲ್ಲಿ ಡೀಪ್ ಬ್ಲೂ ಎಂಬ ಯಂತ್ರ ಕಾಸ್ಪರೋವ್ ಅವರನ್ನು ಆರು ಆಟಗಳ ಸರಣಿಯಲ್ಲಿ ಸೋಲಿಸಿತು. ಅನಂತರದ ವರ್ಷಗಳಲ್ಲಿ ಯಂತ್ರಗಳು ಎಲ್ಲ ಮನುಷ್ಯರನ್ನೂ ಮೀರಿ ಬೆಳೆದವು. ಅಂದಮೇಲೆ ಯಂತ್ರವನ್ನೇ ಪರೀಕ್ಷಕನನ್ನಾಗಿ ಕೂರಿಸಿ ಹಳೆಯ ಆಟಗಳ ಉತ್ತರಪತ್ರಿಕೆಗಳನ್ನು ತಿದ್ದಿಸಬಾರದೇಕೆ? ಸ್ಲೊವೇನಿಯ ದೇಶದ ಗೀಡ್, ಬ್ರಾಟ್ಕೊ ಎಂಬ ವಿದ್ವಾಂಸರು 2006ರಲ್ಲಿ ಇದನ್ನೇ ಮಾಡಿದರು. ಸ್ಟೈನಿಟ್ಸನಿಂದ ಮೊದಲ್ಗೊಂಡು ಕ್ರಾಮ್ನಿಕ್ ಅವರವರೆಗೆ ಹದಿನಾಲ್ಕು ಜಗದ್ವಿಜೇತರು ಪಟ್ಟದ ಸರಣಿಗಳಲ್ಲಿ ಇಟ್ಟ ನಡೆಗಳನ್ನು ಯಂತ್ರದ ನಡೆಗಳೊಡನೆ ತಾಳೆನೋಡಿದರು. ಬಾಯಿಪಾಠದ ಪ್ರಾರಂಭದ ನಡೆಗಳನ್ನು ಕೈಬಿಟ್ಟು, ಹನ್ನೆರಡನೆಯ ನಡೆಯಿಂದ ಮುಂದಕ್ಕೆ ಲೆಕ್ಕ ಹಿಡಿದರು. ಎಲ್ಲರಿಗಿಂತ ಕಡಮೆ ತಪ್ಪು ಮಾಡಿದವನು ಎಂದು ಬಂದ ಹೆಸರು, 1942ರಲ್ಲಿ ತೀರಿಹೋದ ಕಾಪಬ್ಲಾಂಕನದು.

ಹಳಬರ ಪಕ್ಷದವರಿಗೆ ಇದು ಸಂತೋಷದ ಸುದ್ದಿಯೇ ಸರಿ. ಆದರೆ ಆ ವಿದ್ವಾಂಸರೇ ಇನ್ನೊಂದು ಅಂಶವನ್ನೂ ತೋರಿಸಿದ್ದಾರೆ. ಕಾಪಬ್ಲಾಂಕನ ಆಟ ತಿಳಿನೀರಿನಂತೆ. ತೊಡಕುಗಳಿಗೆ ಅವನು ದಾರಿಯನ್ನೇ ಕೊಡುತ್ತಿರಲಿಲ್ಲ. 1960ರಲ್ಲಿ 23ನೆಯ ವಯಸ್ಸಿನಲ್ಲಿ ಪಟ್ಟ ಗೆದ್ದ ಮಿಖಾಯಿಲ್ ತಾಲ್ ಇದಕ್ಕೆ ವಿರುದ್ಧ: ಕಾಯಿಗಳನ್ನು ಬಲಿಕೊಟ್ಟು ಆಟವನ್ನು ಕಾಡುಮೇಡಿಗೆ ಎಳೆದೊಯ್ಯುವವನು. ಬಯಲುದಾರಿಯಲ್ಲಿ ಎಡವದೆ ನಡೆದವನನ್ನೂ ಘಾಟಿಯ ದಾರಿಯಲ್ಲಿ ಎರಡು ಸಲ ಎಡವಿ ಗುರಿಮುಟ್ಟಿದವನನ್ನೂ, ಎಡವಿದ ಲೆಕ್ಕವೊಂದರಿಂದಲೇ ತೂಗಬಹುದೆ? ಮೇಲಾಗಿ, ಇಂದಿನವರು ಅಭ್ಯಾಸ ಮಾಡುವುದು ಯಂತ್ರದೊಡನೆಯೇ. ಪರೀಕ್ಷಕನೇ ಮನೆಪಾಠ ಹೇಳಿದ ಶಿಷ್ಯನಿಗೆ ನಾಲ್ಕು ಅಂಕ ಹೆಚ್ಚು ಬಂದರೆ ಅಚ್ಚರಿಪಡಬೇಕಾದ್ದಿಲ್ಲ.

ಈಗ ತಂಗಿಯ ಮಗನ ಮಾತಿಗೆ ಬರೋಣ. ಮಾರ್ಫಿಯನ್ನು ಇಂದಿನ ಒಬ್ಬ ಗ್ರ್ಯಾಂಡ್‌ಮಾಸ್ಟರನ ಎದುರಿಗೆ ಹಾಗೆಯೇ ತಂದು ಕೂರಿಸಿದರೆ ಸೋಲುವುದು ನಿಜವಿರಬಹುದು. ಆದರೆ ಏಕೆ ಸೋಲುತ್ತಾನೆ? ಕಾಯಿಗಳನ್ನು ಬೇಗ ಬೇಗ ಹೊರಗೆ ತರಬೇಕು, ರಾಜನನ್ನು ಭದ್ರಮಾಡಬೇಕು, ಆಮೇಲೆ ದಾಳಿಗೆ ಹೊರಡಬೇಕು ಎಂದು ಇಂದು ಮೊದಲ ವಾರದಲ್ಲೇ ಮಕ್ಕಳಿಗೆ ಹೇಳಿಕೊಡುತ್ತಾರೆ. ಆ ಪಾಠಕ್ಕೆ ಉದಾಹರಣೆಯಾಗಿ ತೋರಿಸುವುದು ಮಾರ್ಫಿಯ ಆಟಗಳನ್ನೇ. ಬಲವಿಲ್ಲದೆ ದಾಳಿಗಿಳಿದರೆ ಮುರಿದುಬೀಳುತ್ತೀ, ಸಣ್ಣ ಸಣ್ಣ ಅನುಕೂಲಗಳನ್ನು ಕೂಡಿಸುತ್ತ ಹೋಗು ಎಂಬುದು ಎರಡನೆಯ ಪಾಠ. ಅದು ಸ್ಟೈನಿಟ್ಸ್ ಜೀವಮಾನವೆಲ್ಲ ತೇದು ಕಂಡುಕೊಂಡದ್ದು. ಇಂದಿನ ಪ್ರೌಢಶಾಲೆಯ ಹುಡುಗ ಲಾಗರಿಥಮಿನ ಲೆಕ್ಕ ಮಾಡುತ್ತಾನೆ; ಭಾಸ್ಕರಾಚಾರ್ಯನಿಗೆ ಅದು ಗೊತ್ತಿರಲಿಲ್ಲ. ಅಷ್ಟರಿಂದ ಆ ಹುಡುಗನನ್ನು ಭಾಸ್ಕರಾಚಾರ್ಯನಿಗಿಂತ ದೊಡ್ಡ ಗಣಿತಜ್ಞ ಎನ್ನುವವರು ಯಾರೂ ಇಲ್ಲ. ತಾತನ ಹೆಗಲ ಮೇಲೆ ಕೂತ ಮಗುವಿಗೆ ತೇರು ಚೆನ್ನಾಗಿ ಕಾಣುತ್ತದೆ, ಎತ್ತರ ತಾತನದು.

ಬೇರೆ ಬೇರೆ ಕಾಲದವರು ನಿಜವಾಗಿ ಎದುರಾಗುವುದೇ ಇಲ್ಲವೆಂದೂ ಭಾವಿಸಬಾರದು. ಕಾಲಗಳ ನಡುವೆ ಸೇತುವೆಗಳಿವೆ. ಲಾಸ್ಕರನನ್ನೇ ನೋಡಿ. 1894ರಲ್ಲಿ ಹಳೆಯ ತಲೆಮಾರಿನ ಸ್ಟೈನಿಟ್ಸನನ್ನು ಗೆದ್ದವನು ಅವನು. 1924ರಲ್ಲಿ, ಪಟ್ಟ ಹೋಗಿ ಮೂರು ವರ್ಷವಾದ ಮೇಲೆ, 55ನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನ ಮಹಾ ಸ್ಪರ್ಧೆಯಲ್ಲಿ ಕಾಪಬ್ಲಾಂಕ, ಆಲೆಖಿನ್ ಇಬ್ಬರನ್ನೂ ಹಿಂದಿಟ್ಟು ಮೊದಲನೆಯವನಾದ. 1935ರಲ್ಲಿ 66ನೆಯ ವಯಸ್ಸಿನಲ್ಲಿ ಮಾಸ್ಕೋದಲ್ಲಿ ಆಡಿ, ಒಂದು ಆಟವನ್ನೂ ಸೋಲದೆ ಮೂರನೆಯ ಸ್ಥಾನ ಪಡೆದ, ಕಾಪಬ್ಲಾಂಕನಿಗೆ ನಾಲ್ಕನೆಯದು. ಅಂದು ಮೊದಲ ಸ್ಥಾನ ಹಂಚಿಕೊಂಡ ಇಬ್ಬರಲ್ಲಿ ಒಬ್ಬನು 23 ವರ್ಷದ ಬೋಟ್ವಿನ್ನಿಕ್. ಮುದುಕನು ಅವನಿಗಿಂತ ಹಿಂದೆ ಬಿದ್ದದ್ದು ಅರ್ಧ ಅಂಕದಿಂದ ಮಾತ್ರ. ಅದೇ ಬೋಟ್ವಿನ್ನಿಕ್ ಮುಂದೆ ಗುರುವಾಗಿ ಕಾಸ್ಪರೋವ್ ಅವರನ್ನು ತಿದ್ದಿದ. 2004ರಲ್ಲಿ ರೇಕ್ಯಾವಿಕ್‌ನಲ್ಲಿ ನಡೆದ ತ್ವರಿತ ಆಟದ ಸ್ಪರ್ಧೆಯಲ್ಲಿ 13 ವರ್ಷದ ಬಾಲಕ ಕಾರ್ಲ್‌ಸನ್ ಕಾಸ್ಪರೋವ್ ಅವರೊಡನೆ ಒಂದು ಆಟವನ್ನು ಸಮಮಾಡಿಕೊಂಡ. 2009ರಲ್ಲಿ ಅವರಿಂದಲೇ ಶಿಕ್ಷಣವನ್ನೂ ಪಡೆದ. ಸ್ಟೈನಿಟ್ಸ್, ಲಾಸ್ಕರ್, ಬೋಟ್ವಿನ್ನಿಕ್, ಕಾಸ್ಪರೋವ್, ಕಾರ್ಲ್‌ಸನ್: ನೂರಿಪ್ಪತ್ತು ವರ್ಷಗಳಿಗೂ ಮಿಗಿಲಾದ ಕಾಲ ಐದು ಕೊಂಡಿಗಳಲ್ಲಿ ಮುಗಿಯಿತು. ಒಂದು ತಲೆಮಾರಿನ ಶ್ರೇಷ್ಠನು ಮುಂದಿನ ತಲೆಮಾರಿನವರ ಎದುರು ತರಗೆಲೆಯಂತೆ ಹಾರಿಹೋಗುವುದಿಲ್ಲ ಎಂಬುದಕ್ಕೆ ಲಾಸ್ಕರನ ಮಾಸ್ಕೋ ಆಟಕ್ಕಿಂತ ಬೇರೆ ಸಾಕ್ಷಿ ಬೇಡ.

ಎಲ್ಲ ಕೋಲುಗಳೂ ಮರೆಯುವ ಒಂದು ವಿಷಯ ಉಂಟು; ಅದು ಅವಕಾಶ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಎಂಬವನು ಬಾಲ್ಯದಲ್ಲಿ ಕಲಿತದ್ದು ನಮ್ಮ ದೇಶದ ಪದ್ಧತಿಯ ಚದುರಂಗ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತದೆ. ಬೇರೆ ವ್ಯತ್ಯಾಸಗಳೂ ಇವೆ. ದೊಡ್ಡವನಾದ ಮೇಲೆ ಯೂರೋಪಿನ ನಿಯಮಗಳನ್ನು ಕಲಿತು, 1929ರಲ್ಲಿ ತನ್ನ ಆಶ್ರಯದಾತನೊಡನೆ ಇಂಗ್ಲೆಂಡಿಗೆ ಹೋದ. ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದ. 1932, 1933ರಲ್ಲಿ ಮತ್ತೆ ಗೆದ್ದ. ಈ ನಡುವೆ ಹೇಸ್ಟಿಂಗ್ಸ್ ಪಟ್ಟಣದ ಸ್ಪರ್ಧೆಯಲ್ಲಿ ಕಾಪಬ್ಲಾಂಕನನ್ನೇ ಸೋಲಿಸಿದ. 1933ರ ಕೊನೆಯಲ್ಲಿ ಆಶ್ರಯದಾತನೊಡನೆ ಸ್ವದೇಶಕ್ಕೆ ಮರಳಿದ. ದೊಡ್ಡ ಸ್ಪರ್ಧೆಗಳಿಗೆ ಅಲ್ಲಿಗೇ ಮಂಗಳ. ಐದು ವರ್ಷವೂ ತುಂಬದ ಆಟ! 1966ರಲ್ಲಿ ತೀರಿಕೊಂಡ ಅವನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಸಂದದ್ದು 2024ರಲ್ಲಿ. ಅವನನ್ನು ಯಾವ ಕೋಲಿನಿಂದ ಅಳೆಯುವುದು?

ಸ್ತ್ರೀಯರ ವಿಷಯವೂ ಹೀಗೆಯೇ. 1927ರಲ್ಲಿ ಮೊದಲ ಮಹಿಳಾ ಜಗದ್ವಿಜೇತೆಯಾದ ವೇರಾ ಮೆಂಚಿಕ್, ಮುಂದೆ ಪುರುಷರಲ್ಲಿ ಪಟ್ಟವೇರಿದ ಯೂವೆಯನ್ನೂ, ಈ ಸುಲ್ತಾನ್ ಖಾನನನ್ನೂ ಸೋಲಿಸಿದವಳು. 1944ರಲ್ಲಿ ಲಂಡನ್ನಿನ ಮೇಲೆ ಬಿದ್ದ ಜರ್ಮನ್ ಬಾಂಬಿಗೆ ಬಲಿಯಾದಳು. 1991ರಲ್ಲಿ ಹಂಗೆರಿಯ ಯೂಡಿತ್ ಪೋಲ್ಗಾರ್ 15ನೆಯ ವಯಸ್ಸಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಆಗಿ, 1958ರಿಂದ ಫಿಷರನ ಹೆಸರಿನಲ್ಲಿದ್ದ ದಾಖಲೆಯನ್ನು ಮುರಿದರು. ಹುಡುಗಿಯರಿಗೆ ಹಾಸಿನ ಮುಂದೆ ಸ್ಥಳವೇ ಇಲ್ಲದ ಕಾಲದಲ್ಲಿ ಇಂಥವರು ಎಷ್ಟು ಜನ ಅಡುಗೆಮನೆಯಲ್ಲೇ ಉಳಿದರೋ! ಇನ್ನು, ಕುದುರೆಯ ನಡೆಯೊಂದರಿಂದಲೇ ಅರವತ್ತನಾಲ್ಕು ಮನೆಗಳನ್ನೂ ಸುತ್ತಿಬರುವ ಚಮತ್ಕಾರದ ಬಂಧಗಳನ್ನು ರಚಿಸಿದ ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಪ್ರತಿಭೆಯನ್ನು ಯಾವ ಪಟ್ಟದ ಪಟ್ಟಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಮ್ಮ ಮನೆಯಾಕೆಯ ಮಾತಿನಲ್ಲೂ ಒಂದು ಕೋಲು ಅಡಗಿದೆಯೆಂದು ನನಗೆ ತಡವಾಗಿ ತಿಳಿಯಿತು. ಆನಂದ್ ಅವರು 1988ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದಾಗ ಭಾರತಕ್ಕೆ ಅವರೊಬ್ಬರೇ. ಅವರು 2007ರಿಂದ 2013ರವರೆಗೆ ಜಗತ್ತಿನ ಪಟ್ಟವನ್ನಾಳಿದರು. ಇಂದು ನಮ್ಮ ದೇಶದ ಗ್ರ್ಯಾಂಡ್‌ಮಾಸ್ಟರುಗಳ ಸಂಖ್ಯೆ ಎಂಬತ್ತನ್ನು ದಾಟಿದೆ. 2024ರಲ್ಲಿ ಸಿಂಗಪುರದಲ್ಲಿ 18 ವರ್ಷದ ಗುಕೇಶ್ ಜಗತ್ತಿನ ಪಟ್ಟ ಗೆದ್ದದ್ದು ಆನಂದ್ ಅವರು ತೋರಿಸಿದ ದಾರಿಯಲ್ಲಿ ನಡೆದೇ. ಒಬ್ಬನು ತಾನು ಎಷ್ಟು ಬೆಳೆದ ಎಂಬುದರ ಜೊತೆಗೆ ಎಷ್ಟು ಜನರನ್ನು ಬೆಳೆಸಿದ ಎಂಬುದನ್ನೂ ಕೇಳಬೇಕಲ್ಲವೆ?

ಹಾಗಾದರೆ ತೀರ್ಪೇನು ಎಂದು ವಾಚಕರು ಕೇಳಬಹುದು. ಜಾರಿಕೊಳ್ಳುವುದು ಉಪಾಧ್ಯಾಯನಿಗೆ ಸಲ್ಲದು. ಸಮಕಾಲೀನರನ್ನು ಹಿಂದೆ ಹಾಕಿದ ದೂರವನ್ನು ಕೇಳಿದರೆ ಫಿಷರ್, ಅವನಿಗೂ ಹಿಂದೆ ಮಾರ್ಫಿ. ಆಟದ ನಿರ್ಮಲತೆಯನ್ನು ಕೇಳಿದರೆ ಕಾಪಬ್ಲಾಂಕ. ಎಲ್ಲರ ಜ್ಞಾನವನ್ನೂ ಅರಗಿಸಿಕೊಂಡು ಮನುಷ್ಯನು ಏರಿದ ಎತ್ತರವನ್ನು ಕೇಳಿದರೆ ಕಾರ್ಲ್‌ಸನ್. ಸರಿಸಮಾನರ ನಡುವೆ ದೀರ್ಘಕಾಲ ನಿಂತದ್ದನ್ನು ಕೇಳಿದರೆ, 1984ರಿಂದ 2005ರವರೆಗೆ ಸುಮಾರಾಗಿ ಎಡೆಬಿಡದೆ ರೇಟಿಂಗ್ ಪಟ್ಟಿಯ ನೆತ್ತಿಯಲ್ಲಿದ್ದ ಕಾಸ್ಪರೋವ್. ನನಗೆ ಈ ಕೊನೆಯ ಕೋಲೇ ಹೆಚ್ಚು ಒಪ್ಪಿಗೆ. ಆದ್ದರಿಂದ ನನ್ನ ಓಟು ಬದಲಾಗಿಲ್ಲ. ಆದರೆ ಮೊದಲು ಹೆಸರು ಹೇಳಿ ಆಮೇಲೆ ಕೋಲು ಹುಡುಕುತ್ತಿದ್ದ ನಾನು, ಈಗ ಮೊದಲು ಕೋಲನ್ನು ತೋರಿಸಿ ಆಮೇಲೆ ಹೆಸರು ಹೇಳುತ್ತೇನೆ. ನಾವೆಲ್ಲರೂ ಅವರವರ ಎಳೆಯ ವಯಸ್ಸಿನ ವೀರನಿಗೇ ಓಟು ಹಾಕುತ್ತಿದ್ದೇವೆ ಎಂಬುದೂ ಈಗ ಅರಿವಾಗಿದೆ.

ಯುಗಾದಿಯ ವಾದ ಕೊನೆಗೆ ಮುಗಿದದ್ದು ದಸರೆಯಲ್ಲಿ. ಮಾರ್ಫಿ 1858ರಲ್ಲಿ ಪ್ಯಾರಿಸಿನ ನಾಟಕಶಾಲೆಯಲ್ಲಿ, ಒಟ್ಟಾಗಿ ಆಲೋಚಿಸಿ ಆಡುತ್ತಿದ್ದ ಇಬ್ಬರು ಶ್ರೀಮಂತರ ವಿರುದ್ಧ ಆಡಿದ ಹದಿನೇಳು ನಡೆಗಳ ಆಟವನ್ನು ತಂದೆಯವರು ಹಾಸಿನ ಮೇಲೆ ನಿಧಾನವಾಗಿ ನಡೆಸುತ್ತ ಬಂದರು. ಹದಿನಾರನೆಯ ನಡೆಗೆ ನಿಲ್ಲಿಸಿ, “ಈಗ ನೀನಾದರೆ ಏನು ಆಡುತ್ತೀಯಪ್ಪ?” ಎಂದು ಮೊಮ್ಮಗನನ್ನು ಕೇಳಿದರು. ಹುಡುಗ ಬಹಳ ಹೊತ್ತು ನೋಡಿದ. ತಂದೆಯವರು ಮಂತ್ರಿಯನ್ನೆತ್ತಿ ಶತ್ರುವಿನ ಕುದುರೆಯ ಬಾಯಿಗೆ ಇಟ್ಟರು. ಕುದುರೆ ಅದನ್ನು ತಿನ್ನಲೇಬೇಕು. ತಿಂದೊಡನೆ ತೆರವಾದ ಸಾಲಿನಲ್ಲಿ ಆನೆ ನುಗ್ಗಿ, ಒಂಟೆಯ ಬೆಂಬಲದಿಂದ ರಾಜನನ್ನು ಕಟ್ಟಿಹಾಕಿತು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ತಾತ, ಇನ್ನೊಂದು ಸಲ ತೋರಿಸಿ” ಎಂದ. ತಂದೆಯವರು ಕಾಯಿಗಳನ್ನು ಮತ್ತೆ ಮೊದಲಿನಿಂದ ಜೋಡಿಸತೊಡಗಿದರು.